ವಿಭೂತಿ ಹಚ್ಚಿದ ರಿವಾಲ್ವರ್‌ಗಳು

ಮುಂಜಾನೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬಾಗಿಲು ತೆಗೆದರೆ ಕಟ್ಟೆಯ ಮೇಲೆ ಯಾರೋ ಒಬ್ಬರು ಮೊಬೈಲು ಹಿಡಿದುಕೊಂಡು ಕುಳಿತಿರುತ್ತಾರೆ. ಮೊಬೈಲಿನಲ್ಲಿ ಒಂದು ಫೋಟೋ. ಫೋಟೋದಲ್ಲಿ ಒಂದು ಹಳೆಯ ರಿವಾಲ್ವರ್. ಅದನ್ನು ನೋಡಲು ಅವರ ಊರಿಗೆ ಹೋದಾಗಲೆಲ್ಲ ರಿವಾಲ್ವರಿಗಿಂತ ಮೊದಲು ಏನಾದರೊಂದು ಫಜೀತಿ ಎದುರಿಗೆ ಬರುವುದು ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ.

ನಾನು ಜಿಲ್ಲಾ ಪೊಲೀಸ್ ಆಯುಧಶಾಲೆಯಲ್ಲಿ ಬಂದೂಕು ರಿಪೇರಿ ಮಾಡುತ್ತ ಕೂದಲು ಬೆಳ್ಳಗೆ ಮಾಡಿಕೊಂಡವನು. ನಿವೃತ್ತಿಯಾದ ಮೇಲೆ ಇಂಡಿಗೆ ಬಂದು ನೆಲೆಸಿದ್ದೇನೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರು ಬೆರಳು ವಿಭೂತಿ, ಕೈಯಲ್ಲಿ ಸ್ಕ್ರೂಡ್ರೈವರ್. ಇರುವೆ ಸಾಲು ಕಂಡರೆ ದಾಟಿ ನಡೆಯುವವನು ಗುಂಡು ಹಾರಿಸುವ ವಸ್ತುವನ್ನು ಹೇಗೆ ಇಷ್ಟು ಅಕ್ಕರೆಯಿಂದ ಹಿಡಿಯುತ್ತಾನೆ ಎಂದು ಓಣಿಯವರಿಗೆ ಸೋಜಿಗ. ಅದಕ್ಕೇ ನನಗೆ 'ಬಂದೂಕಿನ ಶರಣ್ರು' ಎಂದು ಹೆಸರಿಟ್ಟಿದ್ದಾರೆ. ಸಿಟ್ಟಿಲ್ಲ. ಎರಡೂ ಖರೆಯೇ.

ನನ್ನ ಜೋಡಿ ಇಂಡಿಯ ಒಬ್ಬ ಹಲ್ಲಿನ ಡಾಕ್ಟರು. ಅವರಿಗೆ ಹಳೆಯ ರಿವಾಲ್ವರ್ ಕೂಡಿಸುವ ಹುಚ್ಚು. ಕಾಗದಪತ್ರ ಎಲ್ಲ ಸರಿಯಾಗಿಟ್ಟುಕೊಂಡೇ ಕೂಡಿಸುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಅವರಿಗೆ ಬೇಕಾದದ್ದು ಕೇಪಿನ ರಿವಾಲ್ವರ್ ಮಾತ್ರ. ಈಗಿನ ಹಾಗೆ ಹಿತ್ತಾಳೆಯ ತೋಟಾ ಹಾಕುವಂಥದ್ದಲ್ಲ ಅದು. ದುಂಡನೆಯ ಚಕ್ರದಲ್ಲಿ ಸಾಮಾನ್ಯವಾಗಿ ಆರು ತೂತು. ನಾವು ಅದನ್ನು ಆರು ಮನೆ ಅನ್ನುತ್ತೇವೆ. ಒಂದೊಂದು ಮನೆಗೂ ಮುಂದಿನಿಂದ ಮದ್ದು ತುಂಬಿ, ಸೀಸದ ಗುಂಡು ಒತ್ತಿ, ಹಿಂದುಗಡೆ ತಾಮ್ರದ ಪುಟ್ಟ ಟೋಪಿಯಂಥ ಕೇಪು ಕೂರಿಸಬೇಕು. ರಿವಾಲ್ವರಿನ ಹಿಂದಿರುವ ಪುಟ್ಟ ಸುತ್ತಿಗೆ ಆ ಕೇಪಿನ ಮೇಲೆ ಬಿದ್ದರೆ ಕಿಡಿ ಹಾರಿ ಮದ್ದು ಹೊತ್ತುತ್ತದೆ. ನೂರೈವತ್ತು ವರ್ಷದ ಹಿಂದಿನ ಕಾರಭಾರ. ನಮ್ಮ ಕಡೆಯ ಗೌಡರ ಹಳೆಯ ದೊಡ್ಡ ಮನೆಗಳಲ್ಲಿ, ವಾಡೆಗಳಲ್ಲಿ, ಇಂಥವು ಖಡ್ಗದ ಜೋಡಿ ದೇವರಮನೆಯಲ್ಲಿ ಕುಳಿತಿರುತ್ತವೆ. ಮಹಾನವಮಿಗೆ ಆಯುಧಗಳ ಖಂಡೆ ಪೂಜೆಯ ದಿನ ಹೊರಗೆ ಬಂದು, ವಿಭೂತಿ ಕುಂಕುಮ ಹಚ್ಚಿಸಿಕೊಂಡು, ಹೋಳಿಗೆ ಎಡೆ ಹಿಡಿಸಿಕೊಂಡು ಮತ್ತೆ ಒಳಗೆ ಹೋಗುತ್ತವೆ.

ನೋಡಿ, ಪರೀಕ್ಷಿಸಿ, ಇದು ಇಂಥದ್ದು ಎಂದು ಒಂದು ಹಾಳೆ ಬರೆದುಕೊಡುವುದು ನನ್ನ ಕೆಲಸ. ಅದನ್ನು ಶುರು ಮಾಡುವ ಮೊದಲು ನಮ್ಮ ಮಠದ ಹಿರಿಯ ಸ್ವಾಮಿಗಳ ಕಾಲಿಗೆ ಬಿದ್ದು ಬಂದಿದ್ದೆ. ಅವರು ನನ್ನ ಎದೆಯ ಮೇಲಿನ ಲಿಂಗದ ಮೇಲೆ ನನ್ನದೇ ಕೈ ಇಡಿಸಿ ಅಂದರು: "ಕಣ್ಣಿಗೆ ಕಂಡಿದ್ದು, ಬೆರಳಿಗೆ ಹತ್ತಿದ್ದು, ಎರಡೂ ಕೂಡಿದ್ರ ಬರಿ. ಯಾರೋ ಹೇಳಿದ್ರು ಅಂತ ಒಂದ ಅಕ್ಷರ ಬರದ್ರ ಮರುದಿನ ಈ ಲಿಂಗ ಮುಟ್ಟಬ್ಯಾಡ."

ಬಹಳ ಸಣ್ಣ ಮಾತು ಅನ್ನಿಸಿತ್ತು ಅವತ್ತು. ಲಿಂಗ ಮುಟ್ಟದೆ ನನಗೆ ಒಂದು ಹೊತ್ತಿನ ರೊಟ್ಟಿಯೂ ಇಳಿಯುವುದಿಲ್ಲ. ಹಾಗಾಗಿ ಆ ಮಾತು ಎಷ್ಟು ದೊಡ್ಡದೆಂದು ಊರೂರು ಸುತ್ತಿದ ಮೇಲೆ ತಿಳಿಯಿತು.

ಹುಣಸೆಹಣ್ಣಿನ ಸ್ನಾನ

ಮೊದಲಿನದು ಇಂಡಿ ತಾಲೂಕಿನದೇ, ಅಗರಖೇಡದ ಕಡೆಯ ಒಬ್ಬ ಗೌಡರದು. ಅವರು ಕಳಿಸಿದ ಫೋಟೋ ನೋಡಿ ಡಾಕ್ಟರು ಕ್ಲಿನಿಕ್ಕಿನಲ್ಲಿ ಬಾಯಿ ತೆರೆದುಕೊಂಡು ಕೂತಿದ್ದ ಪೇಶಂಟನ್ನು ಹಾಗೇ ಬಿಟ್ಟು ನನಗೆ ಫೋನು ಮಾಡಿದ್ದರು. "ಶರಣ್ರ, ಕಂದು ಬಣ್ಣ ಹೆಂಗ ಕೂತೇತಿ ನೋಡ್ರಿ! ನಳಿಗೆ ಮ್ಯಾಲೆ ವಿಲಾಯಿತಿ ಅಕ್ಷರ! ಒಬ್ಬರೂ ಕೈ ಹಚ್ಚಿಲ್ಲ ಇದಕ್ಕ!"

ಹಳೆಯ ರಿವಾಲ್ವರಿನ ಬೆಲೆಯೆಲ್ಲ ಆ ಕಂದು ಬಣ್ಣದಲ್ಲಿ, ಮಾಡಿದವರ ಮುದ್ರೆಯಲ್ಲಿ ಇರುತ್ತದೆ. ನಾವು ಮರುದಿನವೇ ಹೋದೆವು. ಗೌಡರು ತಲೆಗೆ ಪಟಗಾ ಸುತ್ತಿಕೊಂಡು ಕಾಯುತ್ತಿದ್ದರು. ಚಹಾ ಬಂತು, ಚುರುಮುರಿ ಬಂತು, ಕೊನೆಗೆ ಅವರ ಹೆಂಡತಿ ಗೌಡಶ್ಯಾನಿ ಸ್ಟೀಲಿನ ತಾಟಿನಲ್ಲಿ ರಿವಾಲ್ವರ್ ಇಟ್ಟುಕೊಂಡು ಬಂದರು. ತಾಟು ಯಾವುದು ರಿವಾಲ್ವರ್ ಯಾವುದು ಗೊತ್ತಾಗಲಿಲ್ಲ. ಎರಡೂ ಅಷ್ಟು ಥಳಥಳ.

ಡಾಕ್ಟರು ಎದ್ದು ನಿಂತರು. "ಇದು ಬ್ಯಾರೆ ಅಲ್ಲೇನ್ರಿ?"

"ಅದ ಐತ್ರಿ," ಅಂದರು ಗೌಡಶ್ಯಾನಿ ಸಂಕೋಚದಿಂದ. "ಫೋಟೋದಾಗ ಭಾಳ ಕೊಳಿ ಕಾಣತಿತ್ತು. ದೊಡ್ಡ ಮಂದಿ ನೋಡಾಕ ಬರ್ತಾರಂತ ನಿನ್ನೆ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕೇನಿ. ಒಂದು ತಾಸು ಹಿಡೀತ್ರಿ. ಅದೇನೋ ಗೀಚಿದಂಗ ಇತ್ತು ನೋಡ್ರಿ ನಳಿಗಿ ಮ್ಯಾಲೆ, ಅದು ಹೋಗೂದಕ್ಕ ಇಟ್ಟಂಗಿ ಪುಡಿ ಬೇಕಾತು."

ಆ ಗೀಚಿದ್ದೇ ಮಾಡಿದವರ ಹೆಸರು. ಡಾಕ್ಟರು ನೋವಿನಿಂದ ದವಡೆ ಹಿಡಿದುಕೊಂಡು ಕೆಳಗೆ ಕುಳಿತರು. ತಮ್ಮ ಪೇಶಂಟರು ಕೂರುವ ಹಾಗೆಯೇ ಕುಳಿತಿದ್ದರು.

ಗೌಡರು ನನ್ನ ಕಡೆ ತಿರುಗಿದರು. "ಶರಣ್ರ, ಹೆಸರು ಫೋಟೋದಾಗ ಐತಲ್ಲ? ನೀವು ಕಣ್ಣಾರೆ ನೋಡೀರಿ. ಅದನ್ನ ಬರದು ಬಿಡ್ರಿ."

ಖರೆ ಹೇಳುತ್ತೇನೆ, ನನ್ನ ಮನಸ್ಸು ಒಂದು ಗಳಿಗೆ ಅತ್ತಿತ್ತ ಹೊಯ್ದಾಡಿತು. ಕಣ್ಣಿಗಂತೂ ಕಂಡಿತ್ತು. ಆದರೆ ಬೆರಳಾಡಿಸಿದರೆ ನುಣ್ಣಗೆ, ದೋಸೆಯ ಹಂಚಿನ ಹಾಗೆ. "ಹಿಂದೆ ಅಕ್ಷರ ಇದ್ದಿರಬಹುದಾದ ಜಾಗವು ಈಗ ಬಹಳ ಶುಭ್ರವಾಗಿದೆ" ಎಂದು ಬರೆದೆ.

ಬೆಲೆ ಕೊಳೆಯಲ್ಲಿತ್ತು, ತೊಳೆದಿದ್ದರಿಂದ ಹೋಯಿತು ಎಂದು ಡಾಕ್ಟರು ಸಾವಕಾಶವಾಗಿ ತಿಳಿಸಿ ಹೇಳಿದರು. ಗೌಡರು ಹೆಂಡತಿಯನ್ನು ದುರುಗುಟ್ಟಿ ನೋಡಿದರು. ಆಯಮ್ಮ ಮಾತ್ರ ಸೆರಗು ಸರಿಮಾಡಿಕೊಂಡು, ಬಹಳ ವರ್ಷದ ವ್ಯಾಜ್ಯ ಗೆದ್ದವರ ಹಾಗೆ ಅಂದರು: "ಕೇಳಿದ್ರಿಲ್ಲೋ? ದಂತದ ಡಾಕ್ಟರ್ರ ಹೇಳಾಕತ್ತಾರ, ಧೂಳದಾಗ ಬೆಲೆ ಐತಂತ. ಇನ್ನ ಅಟ್ಟ ಯಾಕ ಕಸಾ ಹೊಡದಿಲ್ಲ ಅಂತ ನನಗ ಕೇಳಬ್ಯಾಡ್ರಿ."

ಏಳು ಮಂದಿಯ ಲೆಕ್ಕ

ಸಿಂದಗಿ ತಾಲೂಕಿನಲ್ಲಿ, ಮೋರಟಗಿಯಿಂದ ಒಳಗೆ ಒಂದು ಹಳ್ಳಿ. ಅಲ್ಲಿಯ ಒಬ್ಬ ತರುಣ ರೈತ ಹೊಸ ಮನೆ ಕಟ್ಟಿಸಿದ್ದ. ಪಡಸಾಲೆಯ ಗೋಡೆಯಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ, ಮೇಲೆ ಮುತ್ತಜ್ಜನ ಫೋಟೋ ತೂಗುಹಾಕಿ, ಕೆಳಗೆ ಆತನ ರಿವಾಲ್ವರ್ ಇಡಬೇಕೆಂದಿದ್ದ. ಪಕ್ಕದಲ್ಲಿ ಚೌಕಟ್ಟು ಹಾಕಿದ ನನ್ನ ಹಾಳೆ ಬೇಕಿತ್ತು.

"ನಮ್ಮ ಮುತ್ಯಾ ಇದರಿಂದ ಏಳು ಮಂದಿನ್ನ ಹೊಡದಾನ್ರಿ. ಊರಾಗ ಯಾರನ್ನರೆ ಕೇಳ್ರಿ. ಅದನ್ನ ದಪ್ಪ ಅಕ್ಷರದಾಗ ಬರೀರಿ."

ಏಳು ಜೀವ! ನಾನು ಮನಸ್ಸಿನಲ್ಲೇ ಶಿವನಾಮ ನೆನೆದೆ. ಎಷ್ಟು ಹಳೆಯ ಪಾಪವಾದರೂ ಪಾಪವೇ, ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವುದೆಂದರೆ ನನಗೆ ಕಸಿವಿಸಿ. ಹಾಗೆಂದು ಬಂದ ಕೆಲಸ ಬಿಡುವಂತಿಲ್ಲ. ರಿವಾಲ್ವರ್ ಕೈಗೆ ತೆಗೆದುಕೊಂಡೆ. ಕಪ್ಪಗೆ, ಎಣ್ಣೆ ಕುಡಿದು ಕುಡಿದು ಮಿರಿಮಿರಿ. ಒಳ್ಳೆಯ ಭಾರವೂ ಇತ್ತು. ಚಕ್ರದ ಮುಂದೆ ಆರು ಕರಿ ದುಂಡು ಕಾಣುತ್ತಿದ್ದವು. ಕಡ್ಡಿ ಹಾಕಿದೆ. ಹೋಗಲಿಲ್ಲ. ಬೆರಳು ಇಟ್ಟೆ. ತೂತೇ ಇಲ್ಲ.

ಡಾಕ್ಟರು ಹಲ್ಲು ನೋಡುವ ಪುಟ್ಟ ಕನ್ನಡಿ ಹಿಡಿದು ಇಣುಕಿದರು. ಗಟ್ಟಿ ಕಬ್ಬಿಣದ ಮೇಲೆ ಕಾಡಿಗೆಯಿಂದ ಬರೆದ ಆರು ಚುಕ್ಕೆ. ಸುತ್ತಿಗೆ ಎತ್ತಿದರೆ ಏಳುವುದಿಲ್ಲ, ಚಕ್ರ ತಿರುಗಿಸಿದರೆ ತಿರುಗುವುದಿಲ್ಲ. ಇದನ್ನು ಮಾಡಿದ ಊರ ಕಮ್ಮಾರನ ಕೈಚಳಕ ಮಾತ್ರ ಮೆಚ್ಚಬೇಕು.

"ತಮ್ಮಾ," ಅಂದೆ ಮೆಲ್ಲಗೆ, "ಇದರಿಂದ ಗುಂಡು ಹಾರಾಕ ಸಾಧ್ಯ ಇಲ್ಲ."

ಅವನಿಗೆ ರೋಷ ಬಂತು. "ಹಂಗಂದ್ರ ನಮ್ಮ ಮಂದಿ ಸುಳ್ಳು ಹೇಳ್ಯಾರೇನು? ನಡೀರಿ, ಕಂಡಾವ್ರ ಅದಾರ!"

ಗುಡಿಯ ಕಟ್ಟೆಗೆ ಕರೆದುಕೊಂಡು ಹೋದ. ಅಲ್ಲಿ ಊರಿಗೆಲ್ಲ ಹಿರಿಯನಾದ ಒಬ್ಬ ಮುದುಕ ಬಿಸಿಲು ಕಾಯಿಸುತ್ತಿದ್ದ. ಬಾಯಲ್ಲಿ ಹಲ್ಲಿಲ್ಲ. ಡಾಕ್ಟರು ಅದನ್ನು ಮೊದಲು ಗಮನಿಸಿದರು. ಹುಡುಗ ಕೂಗಿ ಕೇಳಿದ: "ಮುತ್ಯಾ, ನಮ್ಮ ಮುತ್ಯಾ ಪಿಸ್ತೂಲಿನಿಂದ ಏಳು ಮಂದಿ ಹೊಡದದ್ದು ಖರೆ ಏನ?"

"ಖರೇನ ಮತ್ತ!" ಅಂದ ಮುದುಕ. "ಏಳು ಮಂದಿ. ಲೆಕ್ಕ ತಪ್ಪತಿರಲಿಲ್ಲ."

ಹುಡುಗ ನನ್ನ ಮುಖ ನೋಡಿ ಎದೆಯುಬ್ಬಿಸಿದ. ನಾನು ಮುದುಕನ ಸನೇಕ ಕುಳಿತು ಕೇಳಿದೆ, "ಮುತ್ಯಾ, ನೀವು ಕಣ್ಣಾರೆ ನೋಡೀರೇನು?"

"ನೋಡೂದೇನು ಬಂತೋ ಶರಣಾ! ಅಂವಾ ನಾಟಕದಾಗ ಫೌಜದಾರ, ನಾವು ಏಳು ಮಂದಿ ದರೋಡೆಖೋರರು. ಪ್ರತಿ ವರ್ಷ ಹೊಡೀತಿದ್ದ. ನಾನ ಹನ್ನೊಂದು ಸಲ ಸತ್ತೇನಿ."

'ಈ ಆಯುಧದಿಂದ ಒಂದು ಇರುವೆಗೂ ಅಪಾಯವಾಗಿಲ್ಲ' ಎಂದು ನಾನು ಅತ್ಯಂತ ಸಂತೋಷದಿಂದ ಬರೆದುಕೊಟ್ಟ ಹಾಳೆ ಅದೊಂದೇ. ಹುಡುಗ ತುಸು ಹೊತ್ತು ಮುಖ ಸಣ್ಣದು ಮಾಡಿಕೊಂಡಿದ್ದ. ಹೊರಡುವಾಗ ಗಾಜಿನ ಪೆಟ್ಟಿಗೆ ಏನು ಮಾಡುತ್ತೀ ಎಂದು ಕೇಳಿದೆ. "ಇಡತೇನ್ರಿ," ಅಂದ. "ಹನ್ನೊಂದು ಸಲ ಸತ್ತಾವ್ರು ಬಂದು ಉದ್ಘಾಟನಾ ಮಾಡ್ತೇನಿ ಅಂದ್ರ ಬ್ಯಾಡ ಅನ್ನಾಕ ಆಗತೈತೇನ್ರಿ?"

ಠಾಣೆಯಲ್ಲಿ ಖಂಡೆ ಪೂಜೆ

ಚುನಾವಣೆ ಬಂತೆಂದರೆ ಲೈಸೆನ್ಸಿನ ಆಯುಧಗಳನ್ನೆಲ್ಲ ಠಾಣೆಯಲ್ಲಿ ತಂದಿಡಬೇಕು. ಮುದ್ದೇಬಿಹಾಳ ಸೀಮೆಯ ಒಂದು ಹಳ್ಳಿಯ ಮನೆತನ ತಮ್ಮ ಕೇಪಿನ ರಿವಾಲ್ವರನ್ನು ಹಾಗೇ ತಂದಿಟ್ಟಿತ್ತು. ಯಾವುದೋ ಉಪಚುನಾವಣೆ, ಅದರ ನಡುವೆಯೇ ಮಹಾನವಮಿ ಬಂತು.

ಖಂಡೆ ಪೂಜೆಯ ದಿನ ಮುಂಜಾನೆ ಠಾಣೆಯಿಂದ ನನಗೆ ಫೋನು. ಸಬ್‌ಇನ್‌ಸ್ಪೆಕ್ಟರ್ ಮೈಸೂರು ಕಡೆಯ ಸಣ್ಣ ವಯಸ್ಸಿನವರು, ಹೊಸದಾಗಿ ಬಂದವರು. "ಸ್ವಲ್ಪ ಬೇಗ ಬನ್ನಿ ಸಾರ್. ಇಲ್ಲಿ ಇಪ್ಪತ್ತು ಜನ ಬಂದು ಜಗಳ ಆಡ್ತಿದ್ದಾರೆ."

ನಾನು ತಾಳಿಕೋಟೆ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹೋಗಿ ಇಳಿದೆ. ಜಗಳವೇನೂ ಇರಲಿಲ್ಲ. ನಮ್ಮ ಮಂದಿ ಪ್ರೀತಿಯಿಂದಲೇ ಮಾತಾಡುತ್ತಿದ್ದರು. ಆದರೆ ಮೈಸೂರಿನ ಕಿವಿಗೆ ಅದು ಬಡಿದಾಟದ ಹಾಗೆ ಕೇಳಿಸಿದ್ದರೆ ತಪ್ಪೇನಿಲ್ಲ.

"ಪೂಜಿ ತಪ್ಪಿಸಿದ್ರ ಮನಿತನ ಉಳೀತೈತೇನ್ರಿ ಸಾಹೇಬ್ರ? ಒಂದು ತಾಸು ಕೊಡ್ರಿ, ಎಡಿ ಹಿಡದು ತಂದು ಕೊಡ್ತೇವಿ!" ಎಂದು ಮನೆಯ ಯಜಮಾನರು ಎದೆ ಬಡಿದುಕೊಂಡು ಕೇಳುತ್ತಿದ್ದರು. ಹಿಂದೆ ಹೆಣ್ಣುಮಕ್ಕಳು ಕುಂಭ, ಆರತಿ, ಹೋಳಿಗೆಯ ಬುಟ್ಟಿ ಹೊತ್ತು ನಿಂತಿದ್ದರು.

ಸಬ್‌ಇನ್‌ಸ್ಪೆಕ್ಟರ್ ನನ್ನನ್ನು ಒಳಗೆ ಕರೆದು ಹೇಳಿದರು: "ಇದು ಕೆಟ್ಟಿದೆ, ಗುಂಡು ಹಾರಲ್ಲ ಅಂತ ನೀವು ಬರೆದುಕೊಟ್ಟರೆ ಮೇಲಿನವರನ್ನು ಕೇಳಿ ಬಿಡಬಹುದು. ಬರೆದುಬಿಡಿ ಸಾರ್, ಪುಣ್ಯ ಬರುತ್ತೆ."

ಪುಣ್ಯ ಯಾರಿಗೆ ಬೇಡ? ಪರೀಕ್ಷಿಸಿದೆ. ಖಾಲಿ ಇತ್ತು. ಸುತ್ತಿಗೆ ಎತ್ತಿದರೆ ಚಕ್ರ ಒಂದು ಮನೆ ತಿರುಗಿ ಟಕ್ ಎಂದು ನಿಂತಿತು. ಮುತ್ತಜ್ಜನ ಕಾಲದ ಸ್ಪ್ರಿಂಗು, ನನ್ನ ಮೊಣಕಾಲಿಗಿಂತ ಗಟ್ಟಿ. ಇದು ಕೆಟ್ಟಿಲ್ಲ ಎಂದು ಕಣ್ಣೂ ಹೇಳಿತು, ಬೆರಳೂ ಹೇಳಿತು. ಹೊರಗೆ ಇಪ್ಪತ್ತು ಜೋಡಿ ಕಣ್ಣು ನನ್ನ ಹಣೆಯ ವಿಭೂತಿಯನ್ನೇ ನೋಡುತ್ತಿದ್ದವು. ಒಂದು ಸುಳ್ಳಿಗೆ ಒಂದು ಮನೆತನದ ಪೂಜೆ ಉಳಿಯುತ್ತದೆ. ನಾನು ಕಣ್ಣುಮುಚ್ಚಿ ನಿಂತೆ. ಆಮೇಲೆ ಬಾಯಿಗೆ ಬಂದದ್ದು ನನ್ನ ಬುದ್ಧಿಯಲ್ಲ, ಶಿವ ಹೊಳೆಸಿದ್ದು.

"ಸಾಹೇಬ್ರ, ಇದು ಕೆಟ್ಟಿಲ್ಲ, ಬಿಡಾಕ ಬರೂದಿಲ್ಲ. ಆದ್ರ ಪೂಜಿ ಠಾಣೆ ಒಳಗ ಬರಬಾರದು ಅಂತ ಎಲ್ಲಿ ಬರದೈತಿ?"

ಅವರು ಮೇಜು ಖಾಲಿ ಮಾಡಿಸಿದರು. ಹೆಣ್ಣುಮಕ್ಕಳು ಒಳಗೆ ಬಂದು ರಂಗೋಲಿ ಹಾಕಿದರು. ಆರತಿ ಹಾಡು ಶುರುವಾಯಿತು. ಪೊಲೀಸರು ಹೇಗೂ ಆ ದಿನ ತಮ್ಮ ಆಯುಧ ಪೂಜೆ ಮಾಡುವವರೇ, ಅವರ ಬಂದೂಕುಗಳೂ ಸಾಲಿಗೆ ಬಂದವು. ಹಿಂದೆ ಲಾಠಿ, ಜೀಪು, ಕೊನೆಗೆ ಬೆರಳಚ್ಚು ಒತ್ತಿಸುವ ಶಾಯಿಯ ಡಬ್ಬಿಗೂ ಕುಂಕುಮ ಬಿತ್ತು. ಮೈಸೂರಿನ ಸಾಹೇಬರು ಟೋಪಿ ತೆಗೆದು ಮಂಗಳಾರತಿ ತೆಗೆದುಕೊಂಡರು. ಆಮೇಲೆ ಎಲ್ಲರಿಗೂ ಹೋಳಿಗೆ, ತುಪ್ಪ, ಹಾಲು. ಲಾಕಪ್ಪಿನಲ್ಲಿ ಒಬ್ಬನೇ ಒಬ್ಬ ಕುಡುಕ ಇದ್ದ. ಅವನಿಗೂ ಆ ತಾಯಂದಿರು ಸರಳಿನ ಸಂದಿಯಿಂದ ಎರಡು ಹೋಳಿಗೆ ಕೊಟ್ಟರು.

ಸಂಜೆ ಅವನನ್ನು ಬಿಡುವ ಹೊತ್ತಿಗೆ ಅವನು ಸಾಹೇಬರಿಗೆ ಕೈಮುಗಿದು ಕೇಳಿಕೊಂಡನಂತೆ: "ಅವಸರ ಏನೂ ಇಲ್ರಿ ಯಪ್ಪಾ. ದೀಪಾವಳಿ ಮುಗಿಸ್ಕೊಂಡ ಹೋಗತೇನಿ."

ಸಿಟ್ಟಿನ ಅಜ್ಜ

ಬಸವನ ಬಾಗೇವಾಡಿಯ ಈ ಪ್ರಸಂಗವನ್ನು ನೆನೆದರೆ ಈಗಲೂ ಮೊದಲು ಶಿವನಾಮ, ಆಮೇಲೆ ನಗು ಬರುತ್ತದೆ.

ಊರ ಹೊರಗಿನ ಒಂದು ದೊಡ್ಡ ಒಕ್ಕಲು ಮನೆ. ಇಬ್ಬರು ಅಣ್ಣತಮ್ಮಂದಿರು ಬೇರೆಯಾಗಿದ್ದರು. ಹೊಲ ಹಂಚಿಕೆ ಆಗಿತ್ತು, ಬಾವಿಯ ಪಾಳಿ ಆಗಿತ್ತು, ಮನೆಯ ನಡುವೆ ಗೋಡೆ ಎದ್ದಿತ್ತು. ಒಂದೇ ಒಂದು ಉಳಿದಿತ್ತು: ದೇವರ ಜಗಲಿಯ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ರಿವಾಲ್ವರ್. ಅದನ್ನು ಅವರು 'ಅಜ್ಜ' ಅನ್ನುತ್ತಿದ್ದರು. ಮನೆತನದ ಮೂಲ ಹಿರಿಯ ಅದರಲ್ಲಿ ಇದ್ದಾನೆಂದು ನಂಬಿಕೆ. ಪ್ರತಿ ಸೋಮವಾರ ಅದಕ್ಕೆ ವಿಭೂತಿ, ಎಣ್ಣೆ. ಅಜ್ಜ ಯಾರ ಪಾಲಿಗೆ ಹೋಗುತ್ತಾನೋ ಅವರದೇ ದೊಡ್ಡ ಮನೆ ಅನ್ನಿಸಿಕೊಳ್ಳುತ್ತದೆ. ಅದೊಂದರ ಸಲುವಾಗಿ ಅಣ್ಣತಮ್ಮ ಮಾತು ಬಿಟ್ಟು ಎರಡು ವರ್ಷವಾಗಿತ್ತು. ನಡುವೆ ತಾಯಿ ಒಬ್ಬಳು, ಅತ್ತ ಒಂದು ಹೊತ್ತು, ಇತ್ತ ಒಂದು ಹೊತ್ತು ಉಣ್ಣುತ್ತಿದ್ದಳು.

ಅಸಲಿಯೋ ನಕಲಿಯೋ ಮೊದಲು ನಿಕ್ಕಿಯಾಗಲಿ ಎಂದು ಹಿರಿಯರು ನಮ್ಮನ್ನು ಕರೆಸಿದ್ದರು. ಪಡಸಾಲೆಯ ಆ ತುದಿಗೆ ಅಣ್ಣ, ಈ ತುದಿಗೆ ತಮ್ಮ. ಒಬ್ಬರನ್ನೊಬ್ಬರು ನೋಡುವಂತಿಲ್ಲ. ಅಣ್ಣ ನನಗೆ ಹೇಳಿದ: "ಶರಣ್ರ, ಹಿರೇ ಮಗ ನಾನು ಅಂತ ಆ ಕಡೆ ಕುಂತಾವ್ರಿಗೆ ಹೇಳ್ರಿ."

ತಮ್ಮ ನನಗೆ ಹೇಳಿದ: "ಹದಿನೈದು ವರ್ಷ ಸೋಮವಾರ ಬಿಡದ ಪೂಜಿ ಮಾಡಿದಾಂವ ನಾನು ಅಂತ ಅವ್ರಿಗೂ ಹೇಳ್ರಿ."

ನಾನು ಕೈಕಾಲು ತೊಳೆಯಲು ಒಳಗೆ ಹೋದಾಗ ತಾಯಿ ಬಚ್ಚಲಿನ ಬಾಗಿಲಲ್ಲಿ ತಡೆದಳು. ಎಂಬತ್ತರ ಹತ್ತಿರದ ಜೀವ. ಕೊರಳಲ್ಲಿ ಅವಳದೂ ಲಿಂಗ.

"ಯಪ್ಪಾ, ಇದು ನಕಲಿ ಅಂತ ಬರದ ಬಿಡು. ಗುಜರಿ ಸಾಮಾನು, ಬೆಲಿ ಇಲ್ಲದ್ದು ಅಂತ ಬರಿ. ನಾ ಅದನ್ನ ಹೊಳಿಗೆ ಬಿಟ್ಟು ಬರ್ತೇನಿ. ನನ್ನ ಮಕ್ಕಳು ಒಂದ ತಾಟಿನಾಗ ಉಂಡಾವ್ರು. ನಾ ಸಾಯೂದ್ರಾಗ ಒಬ್ಬರಿಗೊಬ್ಬರು 'ಬಾ' ಅಂದದ್ದು ಕೇಳಬೇಕು."

ಹಿಂದೆ ಕೇಳಿದವರೆಲ್ಲ ತಮ್ಮ ದೊಡ್ಡಸ್ತಿಕೆಗೆ ಸುಳ್ಳು ಕೇಳಿದ್ದರು, ಇಲ್ಲವೆಂದರೆ ಅನುಕೂಲಕ್ಕೆ ಕೇಳಿದ್ದರು. ಈಕೆ ಕೇಳಿದ್ದು ಹಾಗಲ್ಲ. ಒಂದು ಸುಳ್ಳಿನಿಂದ ಒಂದು ಮನೆ ಕೂಡುತ್ತದೆ ಎಂದಾದರೆ ಆ ಸುಳ್ಳನ್ನು ಶಿವ ಯಾವ ತಕ್ಕಡಿಯಲ್ಲಿ ತೂಗುತ್ತಾನೆ? "ಅವ್ವಾ, ನಂಗ ಒಂದು ಗಳಿಗೆ ಕೊಡು" ಎಂದು ಹೇಳಿ ಜಗಲಿಯ ಮುಂದೆ ಕುಳಿತು ಲಿಂಗ ಅಂಗೈಗೆ ತೆಗೆದುಕೊಂಡೆ. ಬಹಳ ಹೊತ್ತು ಕುಳಿತಿದ್ದೆ ಅಂತ ಕಾಣುತ್ತದೆ. ಹಿಂದಿನಿಂದ ಡಾಕ್ಟರು, "ಶರಣ್ರ, ನಾಕ ಗಂಟೆಕ್ಕ ನನಗ ಒಂದು ದವಡಿ ಹಲ್ಲು ಐತ್ರಿ" ಎಂದು ಪಿಸುಗುಟ್ಟಿದರು. ಉತ್ತರ ಸಿಕ್ಕಿರಲಿಲ್ಲ. ಲಿಂಗವನ್ನು ಕಣ್ಣಿಗೊತ್ತಿಕೊಂಡು, ನೀನೇ ನೋಡಿಕೋ ಅಂದು ಎದ್ದೆ.

ಅಜ್ಜನನ್ನು ಪಡಸಾಲೆಗೆ ತಂದರು. ಒಂದು ಬಟ್ಟೆ ಬಿಚ್ಚಿದರೆ ಇನ್ನೊಂದು. ವರ್ಷಕ್ಕೊಂದರ ಹಾಗೆ ಸುತ್ತಿದ್ದರೋ ಏನೋ. ಕೊನೆಗೆ ಕಂಡದ್ದು ರಿವಾಲ್ವರ್ ಅಲ್ಲ, ವಿಭೂತಿ, ಕುಂಕುಮ, ಎಣ್ಣೆ ಸೇರಿ ಗಾರೆಯಂತೆ ಗಟ್ಟಿಯಾದ ಒಂದು ಮುದ್ದೆ. ಡಾಕ್ಟರ ಕಣ್ಣು ಹೊಳೆದವು. ಹಲ್ಲಿನ ಕಿಟ್ಟ ತೆಗೆಯುವ ಉಕ್ಕಿನ ಕಡ್ಡಿ ಹೊರತೆಗೆದು, "ಬಾಯಿ ತಗಿ ಅಜ್ಜಾ" ಎಂದು ಮೆಲ್ಲಗೆ ಕೆರೆಯತೊಡಗಿದರು. ನಳಿಗೆಯ ಮೇಲೆ ವಿಲಾಯಿತಿ ಅಕ್ಷರ ಮೂಡಿತು. ಚಕ್ರದ ಮೇಲಿನ ನಂಬರು, ಚೌಕಟ್ಟಿನ ಮೇಲಿನ ನಂಬರು ಒಂದೇ. ಕೆಳಗೆ ಮೂಲ ಬಣ್ಣ ಹಾಗೇ ಇತ್ತು. ಇಷ್ಟು ವರ್ಷದ ವಿಭೂತಿ ಅದನ್ನು ಕಾದಿತ್ತು.

"ಅಸಲಿ!" ಡಾಕ್ಟರಿಗೆ ತಡೆಯಲಾಗಲಿಲ್ಲ. "ಅಪ್ಪಟ ಅಸಲಿ!"

ಆ ತುದಿಯಲ್ಲಿ ಅಣ್ಣ ಮೀಸೆ ತಿರುವಿದ. ಈ ತುದಿಯಲ್ಲಿ ತಮ್ಮ ನೆಟ್ಟಗೆ ಕುಳಿತ. ಒಳಬಾಗಿಲಲ್ಲಿ ನಿಂತ ತಾಯಿ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ಅವಳ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಇನ್ನು ಬರೆಯುವುದೊಂದೇ ಬಾಕಿ. ಆದರೆ ಕಣ್ಣು ಕಂಡಿತ್ತು, ಬೆರಳು ಇನ್ನೂ ಮುಟ್ಟಿರಲಿಲ್ಲ. ಡಾಕ್ಟರು ಚಕ್ರದ ಹಿಂದೆ ಕೆರೆಯುತ್ತಿದ್ದ ಹಾಗೇ ನಾನು ಪಕ್ಕದಿಂದ ಬಗ್ಗಿ, ಚಕ್ರದ ಮನೆಗಳ ಮುಂದಿನ ಬಾಯಿಗೆ ಅಂಟಿದ್ದ ಕುಂಕುಮವನ್ನು ಉಗುರಿನಿಂದ ತೆಗೆದೆ. ಒಳಗೆ ತಣ್ಣಗೆ, ದುಂಡಗೆ ಏನೋ ಹತ್ತಿತು. ಬ್ಯಾಟರಿ ಹಿಡಿದೆ. ಬೂದು ಬಣ್ಣದ ಸೀಸ. ಪಕ್ಕದ ಮನೆಯಲ್ಲೂ. ಅದರ ಪಕ್ಕದಲ್ಲೂ. ಹೀಗೇ ಆರರಲ್ಲೂ. ಹಿಂದೆ ನೋಡಿದರೆ, ಡಾಕ್ಟರು ಆಗಷ್ಟೇ ಸ್ವಚ್ಛ ಮಾಡಿದ ಜಾಗದಲ್ಲಿ ಹಸಿರುಗಟ್ಟಿದ ತಾಮ್ರದ ಕೇಪು ಮುದ್ದಾಗಿ ಕುಳಿತಿತ್ತು. ಅವರ ಉಕ್ಕಿನ ಕಡ್ಡಿ ಅದರ ನೆತ್ತಿಯ ಮೇಲಿತ್ತು.

"ಡಾಕ್ಟರ್ರ," ಅಂದೆ, "ಕೈ ಎತ್ತರಿ. ಹಗೂರಕ."

"ಯಾಕ್ರಿ?"

"ತುಂಬೇತಿ."

"ಏನು ತುಂಬೇತಿ?"

"ಆರೂ ಮನಿ."

ಡಾಕ್ಟರು ಕಡ್ಡಿ ಮೇಲೆತ್ತಿ, ಹಿಂದೆ ಹಿಂದೆ ನಡೆದು, ಹೊಸ್ತಿಲು ದಾಟಿ, ಹಾಗೇ ಕಾರಿನವರೆಗೆ ಹೋದರು. ಹಿರಿಯರೆಲ್ಲ ಎದ್ದರು. ಹಳೆಯ ಕಪ್ಪು ಮದ್ದು ನೂರು ವರ್ಷ ಕಳೆದರೂ ಜೀವ ಬಿಡುವುದಿಲ್ಲ ಎಂದು ನಾನು ಹೇಳುತ್ತಿದ್ದಂತೆ ಪಡಸಾಲೆ ಅರ್ಧ ಖಾಲಿಯಾಯಿತು. ನನ್ನ ತಲೆಯಲ್ಲಿ ಒಂದೇ ಸುತ್ತುತ್ತಿತ್ತು: ಸೋಮವಾರ ಸೋಮವಾರ ಇದರ ಮುಂದೆ ಕರ್ಪೂರ ಬೆಳಗಿದ್ದಾರೆ. ಇದರ ಪಕ್ಕದಲ್ಲೇ ತೆಂಗಿನಕಾಯಿ ಒಡೆದಿದ್ದಾರೆ. ಇದರ ಮೂತಿಗೆ ಮುಖವಿಟ್ಟು ಎಷ್ಟು ತಲೆಮಾರು ನಮಸ್ಕಾರ ಮಾಡಿದೆಯೋ. ಶಿವನೇ, ಕಾಯುವುದೆಂದರೆ ಇದು.

ಆಗ ಎರಡು ವರ್ಷದ ಮೇಲೆ ಅಣ್ಣ ತಮ್ಮನ ಕಡೆ ತಿರುಗಿದ.

"ತಮ್ಮಾ," ಅಂದ, ದನಿ ಬಹಳ ಮೆತ್ತಗಿತ್ತು. "ಹದಿನೈದು ವರ್ಷ ನೀ ಪೂಜಿ ಮಾಡೀ. ಅಜ್ಜ ನಿನಗ ಒಲದಾನ. ನೀನ ಇಟಗೋ."

"ಛೇ ಛೇ, ಎಲ್ಲಿ ಮಾತು ಅಣ್ಣಾ!" ತಮ್ಮ ಗಾಬರಿಯಾಗಿ ಎದ್ದ. "ಹಿರೇ ಮಗ ನೀ ಇರಬೇಕಾದ್ರ ನಾ ಮುಟ್ಟೂದ? ನಿನ್ನ ಮನೀನ ದೊಡ್ಡ ಮನಿ."

"ಹಂಗನಬ್ಯಾಡೋ. ನಿನ್ನ ಭಕ್ತಿ ದೊಡ್ಡದು."

"ನಿನ್ನ ಹಕ್ಕು ದೊಡ್ಡದು ಅಣ್ಣಾ. ಬಾ, ಹೊರಗ ಹೋಗಿ ಮಾತಾಡೂಣು ಬಾ."

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಒಬ್ಬರಿಗಿಂತ ಒಬ್ಬರು ಬೇಗ, ಹೊರಗಿನ ಬೇವಿನ ಮರದವರೆಗೆ ಹೋಗಿ ನಿಂತರು. ತಾಯಿ ಬಾಗಿಲಲ್ಲಿ ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ.

"ಅವ್ವಾ, ನೀನೂ ಹೊರಗ ನಡಿ. ನಾ ಇದನ್ನ ಖಾಲಿ ಮಾಡಬೇಕು."

"ನಾ ಎಲ್ಲಿಗೂ ಹೋಗೂದಿಲ್ಲ," ಅಂದಳು. "ಅರವತ್ತು ವರ್ಷ ಇದರ ಮುಂದ ದೀಪಾ ಹಚ್ಚೇನಿ. ಇವತ್ತ ಯಾಕ ಹೊಡೀತಾನ?"

ಎಷ್ಟು ಹೇಳಿದರೂ ಆಕೆ ಕದಲಲಿಲ್ಲ. ಕೊನೆಗೆ ಗೋಡೆಯ ಮರೆಯಲ್ಲಿ ಕೂರಿಸಿದೆ. ಶಿವನಾಮ ಹೇಳುತ್ತ, ಎಣ್ಣೆ ಬಿಟ್ಟು, ಆಯುಧಶಾಲೆಯಲ್ಲಿ ಕಲಿತ ಹಾಗೆ ಮೊದಲು ಕೇಪುಗಳನ್ನು, ಆಮೇಲೆ ಗುಂಡುಗಳನ್ನು ಒಂದೊಂದಾಗಿ ಹೊರತೆಗೆದೆ. ಮದ್ದನ್ನು ನೀರಿಗೆ ಹಾಕಿದೆ. ಆಮೇಲೆ ಹಾಳೆ ತೆಗೆದು ಕಂಡದ್ದು ಮುಟ್ಟಿದ್ದು ಎಲ್ಲ ಬರೆದೆ: ಅಸಲಿ, ನಂಬರು ಒಂದೇ, ಆರು ಮನೆ ತುಂಬಿತ್ತು, ಈಗ ಖಾಲಿಯಾಗಿದೆ, ಯಾರಿಗೂ ಭಯವಿಲ್ಲ. ಒಂದು ಅಕ್ಷರವೂ ಸುಳ್ಳಿರಲಿಲ್ಲ. ಎದೆ ಹಗುರಾಯಿತು.

ಹೊರಗಿನಿಂದ ಅಣ್ಣನ ದನಿ ಬಂತು: "ಯವ್ವಾ, ಮುಗೀತೇನ?"

ಮುದುಕಿ ಎದ್ದು ಬಂದು, ನನ್ನ ಕೈಯಿಂದ ಹಾಳೆ ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ, ರಿವಾಲ್ವರ್ ಜೊತೆ ಇಟ್ಟು, ಮೇಲೆ ಬಟ್ಟೆ ಸುತ್ತತೊಡಗಿದಳು. ಒಂದಾದ ಮೇಲೊಂದು, ಎಲ್ಲ ಬಟ್ಟೆಯೂ ಸುತ್ತಿದಳು.

"ಅವ್ವಾ," ಅಂದೆ ಗಾಬರಿಯಿಂದ, "ಖಾಲಿ ಆಗೇತಿ ಅಂತ ಅದರಾಗ ಬರದೇನಿ. ಮಕ್ಕಳಿಗೆ ತೋರಸಬೇಕು. ನಾ ಖರೆ ಮುಚ್ಚಿಡಾಂವ ಅಲ್ಲ."

"ಮುಚ್ಚಿಡು ಅಂತ ಯಾರಂದ್ರು? ಖರೇನ ಬರದೀ, ಛಲೋ ಮಾಡಿ," ಅಂದಳು ಕೊನೆಯ ಗಂಟು ಬಿಗಿಯುತ್ತ. "ಯಾರರೆ ಬಿಚ್ಚಿ ನೋಡಿದ್ರ ಓದಲಿ. ನಿನ್ನ ಸನೇಕ ಬಂದು ಕೇಳಿದ್ರೂ ಖರೇನ ಹೇಳು." ಆಮೇಲೆ ಬೇವಿನ ಮರದ ಕಡೆ ತಿರುಗಿ ಗಟ್ಟಿಯಾಗಿ ಕೂಗಿದಳು: "ಬರ್ರಿ, ಇಬ್ಬರೂ ಕೂಡಿ ಬರ್ರಿ! ಯಾರು ಮುಂದ ಬಂದು ಅಜ್ಜನ್ನ ಎತಗೋತೀರಿ?"

ಬೇವಿನ ಮರದ ಕೆಳಗಿನಿಂದ ಇಬ್ಬರೂ ಒಂದೇ ಉಸಿರಿನಲ್ಲಿ ಉತ್ತರ ಕೊಟ್ಟರು: "ನಿನ್ನ ಕಡೇನ ಇರಲಿ, ಯವ್ವಾ! ನಾವು ಇಲ್ಲಿಂದನ ಕೈ ಮುಗದೇವಿ!"